ಕೆಳಗಿನ ಸಾಲು, ಎಡದಿಂದ ಮೂರನೆಯವನು

ಜಬೀನಾ ಮೇಡಂ ಹೇಳಿದ್ದು ಇಷ್ಟೆ:
ನಿಮ್ಮ ಓಡಾಟದ ದಾರಿಯಲ್ಲಿ ಒಂದು ಚಿತ್ರ ಆರಿಸಿ,
ಅದು ಯಾರನ್ನು, ಏನೆಂದು, ಹೇಗೆ ಒಪ್ಪಿಸುತ್ತದೆ
ಇಂಗ್ಲಿಷಿನಲ್ಲಿ ಎರಡು ಪುಟ. ಸೋಮವಾರದೊಳಗೆ.

ಗೆಳತಿಯರು ಸೋಪಿನ ಹಿಂದೆ ಬಿದ್ದರು,
ಏಳೇ ದಿನಕ್ಕೆ ಬೆಳ್ಳಗಾಗುವ ಕೆನ್ನೆ,
ಒಡವೆ ಅಂಗಡಿಯ ಬಾಡಿಗೆ ಮದುಮಗಳು.
ನಾನು ಹೊಸಹಳ್ಳಿ ಸರ್ಕಲ್ಲಿನ ಫ್ಲೆಕ್ಸಿಗೆ ಹೋದೆ.
ಎರಡು ಸರ್ವೆ ಕಂಬ, ಹದಿನೈದಡಿ ಅಗಲ,
ಯುವ ಮುಖಂಡರಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯ.

ಮೊದಲು ಗಾತ್ರ, ಎಂದಿದ್ದರು ಮೇಡಂ,
ಕಣ್ಣು ದೊಡ್ಡದರ ಮನೆಗೇ ಮೊದಲು ಹೋಗುತ್ತದೆ.
ಬರೆದೆ: ಮುಖಂಡರ ಮೂಗೊಂದೇ ನನ್ನ ಊಟದ ಡಬ್ಬಿಯಷ್ಟಿದೆ.
ಆಮೇಲೆ ಹಿನ್ನೆಲೆ:
ಯಾವ ದೇಶದ್ದೋ ಹಿಮದ ಬೆಟ್ಟ. ಮಂಡ್ಯದಲ್ಲಿ!
ಆಮೇಲೆ ನೋಟ:
ಅವರು ನಮ್ಮನ್ನು ನೋಡುತ್ತಿಲ್ಲ,
ನಮ್ಮ ತಲೆ ದಾಟಿ ಬಸ್ಸು ಬರುವ ಕಡೆ,
ಭವಿಷ್ಯವೂ ಅದೇ ಬಸ್ಸಿಗೆ ಬರುತ್ತದೆ ಅನ್ನುವ ಹಾಗೆ.
ಕಿವಿಗೆ ಫೋನು.
ಆಚೆ ಕಡೆ ಯಾರು ಅಂತ ಚಿತ್ರ ಹೇಳುವುದಿಲ್ಲ.
ಹೇಳದೆ ಇರುವುದೂ ಒಂದು ಮಾತು. ಇದು ನನ್ನದೇ ವಾಕ್ಯ.
ಇಂಗ್ಲಿಷಿನಲ್ಲಿ ನೆಟ್ಟಗೆ ಕೂರಲಿಲ್ಲ, ಹೊಡೆದು ಹಾಕಿದೆ.

ಕೆಳಗೆ ಶುಭ ಕೋರುವವರು.
ಕೊಟ್ಟ ಕಾಸಿಗೆ ತಕ್ಕ ಕಜ್ಜಾಯ:
ಐದು ಸಾವಿರಕ್ಕೆ ಮೊರದಗಲ ಮುಖ,
ಸಾವಿರಕ್ಕೆ ತಟ್ಟೆಯಗಲ,
ಮುನ್ನೂರಕ್ಕೆ ಇಡ್ಲಿಯಷ್ಟು.
ಇಡ್ಲಿಗಳ ಸಾಲಿನಲ್ಲಿ, ಎಡದಿಂದ ಮೂರನೆಯವನು
ನಮ್ಮಣ್ಣ ಸಿದ್ದಪ್ಪಾಜಿ.
ಕಣ್ಣಿಗೆ ಹಾಕಿದ ಕೂಲಿಂಗ್ ಗ್ಲಾಸು ಅವನದಲ್ಲ.

ಚೌಕಟ್ಟು ಏನನ್ನು ಹೊರಗಿಟ್ಟಿದೆ, ಅದನ್ನೂ ನೋಡಿ
ಎಂದಿದ್ದರು ಮೇಡಂ.
ನೋಡಿದೆ. ಕುತ್ತಿಗೆಗೇ ಕತ್ತರಿಸಿದ್ದಾರೆ.
ಹೊರಗುಳಿದದ್ದು: ಆಲೆಮನೆಯ ಕೊಪ್ಪರಿಗೆ,
ಅದರ ಪಾಕ ಸಿಡಿದು ಮೊಣಕೈ ಮೇಲೆ
ಎರಡು ಕಲೆ, ಒಂದು ಇನ್ನೂ ಹಸಿ.

ಉಳಿದದ್ದು ಕೊನೆಯ ಪ್ರಶ್ನೆ: ಒಪ್ಪಿದವರು ಯಾರು?
ಎಳನೀರಿನವನನ್ನು ಕೇಳಿದೆ.
'ನೆಳ್ಳು ಬೀಳ್ತದೆ ಕಣವ್ವ, ಅಷ್ಟೇಯ.'
ಟ್ರಾಫಿಕ್ ಪೊಲೀಸು ಅದಿದೆ ಅಂತಲೇ ಗಮನಿಸಿರಲಿಲ್ಲ.
ಅಣ್ಣನನ್ನೇ ಕೇಳಿದೆ.
'ಅವ್ರಿಗೆ ನನ್ ಹೆಸ್ರೇ ಗೊತ್ತಿಲ್ಲ ಬುಡು'
ಅಂದವನೇ ಬೈಕಿನ ಕಿಕ್ಕರು ಒದ್ದ.

ಅವ್ವ ಮಾತ್ರ
ಸಕ್ಕರೆ ಮಾತ್ರೆಗೆ ಆಸ್ಪತ್ರೆಗೆ ಹೊರಟವಳು
ಒಂದು ಸ್ಟಾಪು ಮೊದಲೇ ಇಳಿಯುತ್ತಾಳೆ.
ಸೆರಗಿನಲ್ಲಿ ಬಿಸಿಲು ತಡೆದು,
ಅಕ್ಷರ ಬಾರದವಳು, ಬೆರಳೆತ್ತಿ ಎಣಿಸುತ್ತಾಳೆ:
ಒಂದು,
ಎರಡು.
ಅಲ್ಲಿಗೆ ನಿಲ್ಲುತ್ತಾಳೆ, ಮೂರು ಅನ್ನುವುದಿಲ್ಲ.
ಊಟದ ಡಬ್ಬಿಯಷ್ಟು ಮೂಗು ಅಲ್ಲೇ ಇದೆ,
ದೊಡ್ಡದನ್ನು ಮೊದಲು ನೋಡಬೇಕು ಅಂತ
ಅವಳ ಕಣ್ಣಿಗೆ ಯಾರೂ ಪಾಠ ಮಾಡಿಲ್ಲ.

ಹತ್ತಕ್ಕೆ ಆರೂವರೆ ಬಂತು.
ಅವ್ವನ ಪ್ಯಾರಾ ಪಕ್ಕದಲ್ಲಿ ಕೆಂಪು ಶಾಯಿ:
ಇದಕ್ಕೆ ಸಾಕ್ಷ್ಯ?

ಹದಿನೈದು ದಿನಕ್ಕೆ ಫ್ಲೆಕ್ಸು ಮನೆಗೆ ಬಂತು.
ಅಣ್ಣ ಸುರುಳಿ ಸುತ್ತಿ ತಂದು
ಸೋರುವ ಕೊಟ್ಟಿಗೆಗೆ ಹೊದಿಸಿದ, ಮುಖಗಳು ಒಳಗೆ.
ಮುಖಂಡರು ಈಗ ಹಿಂಡಿ ಮೂಟೆಯ ಕಡೆ ನೋಡುತ್ತಾರೆ,
ಫೋನು ಕಿವಿಯಲ್ಲೇ ಇದೆ,
ಎಮ್ಮೆ ಒಮ್ಮೊಮ್ಮೆ ಉತ್ತರ ಕೊಡುತ್ತದೆ.

ಕೆಳಗಿನ ಸಾಲಿನಲ್ಲಿ ಒಂದು ತೂತು.
ಕತ್ತರಿಯ ಕೆಲಸವಲ್ಲ, ಕುಡ್ಲಿನದು,
ಅಂಚೆಲ್ಲ ಹಲ್ಲುಹಲ್ಲು,
ನಾಲ್ಕನೆಯವನ ಒಂದು ಕಿವಿಯೂ ಜೊತೆಗೆ ಹೋಗಿದೆ.
ಆ ಮೂಲೆಯಲ್ಲಿ ಮಳೆ ಸೀದಾ ಒಳಗೆ ಬೀಳುತ್ತದೆ,
ಅವ್ವ ಅಲ್ಲೊಂದು ಬಕೆಟ್ಟು ಇಟ್ಟಿದ್ದಾಳೆ.

ತುಂಡು ಎಲ್ಲಿ ಅಂತ ನಾನು ಕೇಳಿಲ್ಲ.
ರಾಗಿ ಡಬ್ಬದ ಮುಚ್ಚಳ
ಈಚೆಗೆ ಯಾಕೋ ನೆಟ್ಟಗೆ ಕೂರುತ್ತಿಲ್ಲ.