ಗೇಣಿಗೆ ಮುಕ್ಕಾಲು

ವಾಲ್ಪರೈಸೊ, ರಾತ್ರಿ ಶಾಲೆ. ಕಿಟಕಿಯ ಕೆಳಗೆ ಬಂದರು
ಒಂದೊಂದೇ ದೀಪ ಹಚ್ಚಿಕೊಳ್ಳುತ್ತಿದೆ.
ಮೇಜಿನ ಮೇಲೆ ಆರು ಸಮೀಕರಣ, ಆರು ನಕ್ಷೆ.
ಯಾರಿಗೆ ಯಾರು, ಹೊಂದಿಸಿ ಬರೆಯಿರಿ.
ಗಂಡು ಹುಡುಕುವ ಕೆಲಸವಲ್ಲವೇ ಇದು ಎಂದು
ನಗುತ್ತಾಳೆ ಎದೆಲ್ಮಿರಾ. ಐವತ್ತೆಂಟು ವರ್ಷ,
ಕನ್ನಡಕ ಮನೆಯಲ್ಲೇ ಮರೆತಿದ್ದಾಳೆ.

"ಮೊದಲು ನಿಂತ ಅಕ್ಷ ನೋಡಿ," ಅನ್ನುತ್ತಾರೆ ಫೆರ್ಮಿನ್ ಮೇಷ್ಟ್ರು,
"ಗೆರೆ ಅದನ್ನು ಎಲ್ಲಿ ಮುಟ್ಟಿತು? ಹೊರಡುವ ಮುನ್ನ ಎಲ್ಲಿತ್ತು?
ಆಮೇಲೆ ಓಟ: ಒಂದು ಮನೆ ಬಲಕ್ಕೆ ಸರಿದರೆ
ಎಷ್ಟು ಮನೆ ಏರಿತು, ಎಷ್ಟು ಇಳಿಯಿತು?"

ಇದನ್ನು ಹೇಳಿಕೊಡಬೇಕೇ?
ಇಪ್ಪತ್ತಾರು ವರ್ಷ ಗುಡ್ಡದ ಹಳಿಬಂಡಿಯ
ಹಿಡಿಕೆ ತಿರುಗಿಸಿದ ಮಣಿಕಟ್ಟು ಅದು.
ಒಂದು ಡಬ್ಬಿ ಏರಿದಷ್ಟೂ ಇನ್ನೊಂದು ಇಳಿಯಬೇಕು,
ಒಂದೇ ಹಗ್ಗದ ಎರಡು ತುದಿ, ಧನ ಋಣ.
ನಡುದಾರಿಯಲ್ಲಿ ಎದುರಾಗುವಾಗ
ಗಾಜಿನಾಚೆಯ ಅಪರಿಚಿತರಿಗೆ ಮಕ್ಕಳು ಕೈಬೀಸುತ್ತಿದ್ದವು.
ಮೀನಿನ ಬುಟ್ಟಿ, ಶವಪೆಟ್ಟಿಗೆ, ಒಮ್ಮೆ ಒಂದು ಪಿಯಾನೊ:
ಯಾವ ಭಾರಕ್ಕೂ ಓಟ ಬದಲಾಗಲಿಲ್ಲ.

y = 3. ಏರಿಲ್ಲ, ಇಳಿತವಿಲ್ಲ.
ಸಮುದ್ರ, ಎಂದಳು. ಹೊಂದಿಸಿದಳು.
y = x/4. ಸೊನ್ನೆಯಿಂದಲೇ ಹೊರಟದ್ದು,
ಅಜ್ಜಿಯರೂ ಹತ್ತಬಲ್ಲ ಮಾರುಕಟ್ಟೆ ಬೀದಿ.
y = 2x + 1, y = 2x − 3:
ಒಂದೇ ಓಟ, ಹುಟ್ಟಿದ ಎತ್ತರ ಬೇರೆ, ಎಂದೂ ಸೇರವು.
"ನಾನು, ನಮ್ಮಕ್ಕ," ಎಂದು ಗೊಣಗಿದಳು.
ಐದನೆಯದನ್ನು ಪಕ್ಕದ ಹುಡುಗನ ಹಾಳೆಯಿಂದ ಕದ್ದಳು.

ಉಳಿದದ್ದು 2x + y = 6.
ಎರಡು ಎದ್ದು ಕಾಣುತ್ತಿದೆ; ಏರುವ ಗೆರೆ ಹುಡುಕಿದಳು.
ಉಳಿದಿರುವ ಗೆರೆಯೋ ಆರರಿಂದ ಧುಮುಕುತ್ತಿದೆ.
ಪೆನ್ಸಿಲ್ ಕಚ್ಚಿದಳು. ಮೇಷ್ಟ್ರು ಬರಲಿಲ್ಲ.
ಕೊನೆಗೆ 2x ಅನ್ನು ಆಚೆ ದಡಕ್ಕೆ ಕಳಿಸಿದಳು;
ಆಚೆ ಹೋದದ್ದು ಚಿಹ್ನೆ ಬದಲಿಸಿಕೊಂಡಿತು.
y = −2x + 6.
ಅಯ್ಯೋ, ಇದು ಹನ್ನೊಂದರ ಕೊನೆಯ ಬಂಡಿ,
ಖಾಲಿ ಇಳಿಯುವುದು!
ಮೂರಕ್ಕೆ ನೆಲ ಮುಟ್ಟುತ್ತದೆ.
ಆದರೆ ಗೆರೆ ನಿಲ್ಲುವುದಿಲ್ಲ, ನೆಲದ ಒಳಗೂ
ಕಾಗದದ ಅಂಚಿನವರೆಗೆ ಇಳಿಯುತ್ತಲೇ ಇದೆ,
ಬ್ರೇಕು ಹಾಕುವವರಿಲ್ಲದೆ.

ಬಂಡಿ ನಿಂತು ಎರಡು ವರ್ಷ. ರಿಪೇರಿ ಎಂಬ ಬೋರ್ಡಿಗೇ ತುಕ್ಕು.
ಮನೆಗೆ ಈಗ ಮೆಟ್ಟಿಲು, ನೂರ ಅರವತ್ತೊಂದು.
ಅರ್ಧಕ್ಕೆ ಕೂತು ಉಸಿರು ಹಿಡಿದಳು.
ಬೀದಿದೀಪದಲ್ಲಿ ಅಗಲಕ್ಕೊಂದು ಗೇಣು ಹಾಕಿದಳು,
ಎತ್ತರಕ್ಕೆ ಹಾಕಿದರೆ ಗೇಣು ಪೂರ್ತಿ ಹಿಡಿಸಲಿಲ್ಲ.
ಒಂದಕ್ಕೆ ಮುಕ್ಕಾಲು, ಎಂದು ಲೆಕ್ಕ ಹಾಕಿದಳು.

ಸುಳ್ಳು, ಎಂದಿತು ಮೊಣಕಾಲು, ಇನ್ನೂ ಜಾಸ್ತಿ.