ನೂರಕ್ಕೆ ಏಳು

ದೋರ್ದೊಯ್ ಬಜಾರಿನಲ್ಲಿ ಅಂಗಡಿ ಅಂದರೆ
ಒಂದು ಕಬ್ಬಿಣದ ಪೆಟ್ಟಿಗೆ,
ಹಡಗಿನ ಮೇಲೆ ತಿರುಗಾಡಿ ಮುದಿಯಾಗಿ
ಸಮುದ್ರವೇ ಇಲ್ಲದ ಬಿಷ್ಕೆಕ್ಕಿಗೆ ಬಂದು ಕೂತದ್ದು.
ಮೇಲಿನ ಪೆಟ್ಟಿಗೆ ಉಗ್ರಾಣ, ಕೆಳಗಿನದು ವ್ಯಾಪಾರ,
ಬಾಗಿಲಲ್ಲಿ ನಾನು, ಉಮ್ಸುನಾಯ್,
ಶನಿವಾರ ಭಾನುವಾರ
ಡಜನ್ನಿನ ಲೆಕ್ಕದಲ್ಲಿ ಕಾಲುಚೀಲ ಮಾರುತ್ತೇನೆ.

ಉಳಿದ ಐದು ದಿನ ಗಣಿತ.
ಮೂವತ್ತೊಂದು ವರ್ಷ ಅದೇ ಹಲಗೆ.

ಈ ಸಲದ ಟೀಚರುಗಳ ದಿನಕ್ಕೆ
ಹದಿನೇಳು ಹೂಗುಚ್ಛ ಬಂದವು, ಸಂಬಳ ಬರಲಿಲ್ಲ.
ಹದಿನಾರನ್ನು ಬಸ್‌ಸ್ಟಾಪಿನ ಹೂವಿನವಳು
ಅರ್ಧ ಬೆಲೆಗೆ ವಾಪಸು ತಗೊಂಡಳು.
ಒಂದನ್ನು ಇಟ್ಟುಕೊಂಡೆ,
ಬಾಡುವ ತನಕ ಮಾನ ಇರಲಿ ಅಂತ.

ಸ್ಟಾಫ್‌ರೂಮಿನ ಗೋಡೆಗೆ ಹೊಸ ಪಟ್ಟಿ:
ಮಗು ಒಲಿಂಪಿಯಾಡ್ ಗೆದ್ದರೆ ಇಷ್ಟು ಅಂಕ,
ಪೋಷಕರ ಸಭೆ ನಡೆಸಿದರೆ ಇಷ್ಟು,
ಕಿಟಕಿಯ ಗಿಡಕ್ಕೆ ನೀರು ಹಾಕಿದರೂ ಅರ್ಧ.
ಅಂಕ ಕೂಡಿ ಕೂಡಿ ತಿಂಗಳ ಕೊನೆಗೆ ದುಡ್ಡಾಗುತ್ತದಂತೆ.
ಎಲ್ಲರೂ ನೀರು ಹಾಕಿದೆವು.
ಗಿಡ ಬೇರು ಕೊಳೆತು ಸತ್ತಿತು.

ಮೊನ್ನೆ ಒಬ್ಬ ತಾಯಿ
ಮಗನ ಗದ್ದ ಹಿಡಿದು ನನ್ನ ಕಡೆ ತಿರುಗಿಸಿದಳು:
'ನೋಡಿಕೋ. ಓದದಿದ್ದರೆ ಹೀಗೆ ನಿಲ್ಲಬೇಕಾಗುತ್ತೆ.'
ಹುಡುಗ ನನ್ನ ಐದನೇ ಕ್ಲಾಸಿನವನು.
ಬಾಯಿ ತೆರೆದ.
ಬೇಡ, ಅಂದೆ ಕಣ್ಣಲ್ಲೇ.
ಮೂರು ಜೊತೆಯ ಮೇಲೆ ಒಂದು ಜೊತೆ ಪುಕ್ಕಟೆ ಹಾಕಿದೆ;
ಅವನ ಬಾಯಿಗೋ, ನನ್ನದಕ್ಕೋ, ಗೊತ್ತಿಲ್ಲ.

ಪೆಟ್ಟಿಗೆಯ ಒಡೆಯ ಕುಬಾತ್.
ಇಂಥ ಪೆಟ್ಟಿಗೆ ನಾಲ್ಕಿವೆ ಅವನಿಗೆ, ಚಿನ್ನದ ಹಲ್ಲು ಒಂದು.
ಆರನೇ ಕ್ಲಾಸಿನಲ್ಲಿ, ಶೇಕಡಾ ಲೆಕ್ಕದ ಪಾಠದಲ್ಲಿ,
ಮೂರು ಸಲ ಅವನಿಗೆ 'ಎರಡು' ಕೊಟ್ಟಿದ್ದೆ.
ಐದಕ್ಕೆ ಎರಡು ಅಂದರೆ ನಮ್ಮಲ್ಲಿ ನಪಾಸು.
ಈಗ ಅವನು ನನಗೆ ಕೊಡುವುದು ನೂರಕ್ಕೆ ಏಳು.
ಅಂದಿನ ಹಾಗೇ 'ಎಜೆ' ಅನ್ನುತ್ತಾನೆ, ಅಕ್ಕಾ ಅಂತ,
ಅಂದಿನ ಹಾಗೇ ಕಣ್ಣು ತಪ್ಪಿಸುತ್ತಾನೆ.

ಭಾನುವಾರ ಸಂಜೆ, ಕೈಗವಸು ಕಳಚಿ,
ಬೆರಳಿಗೆ ಊದಿಕೊಂಡು, ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ:
ಇಪ್ಪತ್ತೊಂದು ಸಾವಿರ ಸೋಮ್ ವ್ಯಾಪಾರ,
ಉಮ್ಸುನಾಯ್ ಎಜೆಗೆ ಸಾವಿರದ ಎಂಟುನೂರ ಎಪ್ಪತ್ತು.

ಆಗಬೇಕಾದ್ದು ಸಾವಿರದ ನಾನೂರ ಎಪ್ಪತ್ತು.

ಹೀಗೇ ವಾರ ವಾರವೂ.
ತಪ್ಪು ಯಾವಾಗಲೂ ನನ್ನ ಕಡೆಗೇ ವಾಲುತ್ತದೆ.
ಸಗಟಿನವರ ಹತ್ತಿರ ಅವನಿಗೆ ಒಂದು ಸೋಮೂ ತಪ್ಪುವುದಿಲ್ಲ.
ಇದು ದಯೆಯಾದರೆ ನಾನು ತಿರುಕಿ.
ದಡ್ಡತನವಾದರೆ ನಾನು ಕೆಟ್ಟ ಟೀಚರು.
ಹನ್ನೊಂದು ವಾರ ಎರಡೂ ಆಗಿದ್ದುಕೊಂಡು
ಮೊಮ್ಮಗಳಿಗೆ ಕುರಿಮಾಂಸದ ಸಾರು ಮಾಡಿದೆ.

ಹನ್ನೆರಡನೇ ವಾರ ಕೈ ಕೇಳಲಿಲ್ಲ.
ಕೋಟಿನ ಜೇಬಿನಲ್ಲಿ ಕೆಂಪು ಪೆನ್ನು ಇತ್ತು,
ಅದು ಯಾವಾಗಲೂ ಇರುತ್ತದೆ.
ಗೀಟು ಹೊಡೆದೆ. ಪಕ್ಕದಲ್ಲಿ ಸರಿ ಉತ್ತರ ಬರೆದೆ,
ಬಿಡಿಸಿದ ಕ್ರಮವನ್ನೂ.

ಕುಬಾತ್ ನೋಡಿದ, ಬಹಳ ಹೊತ್ತು.
ಹಲ್ಲು ಒಮ್ಮೆ ಮಿಂಚಿತು.
ಎಣಿಸಿಟ್ಟ ನೋಟುಗಳಿಂದ ನಾನೂರು ತೆಗೆದು
ತನ್ನ ಜೇಬಿಗೆ ಹಾಕಿಕೊಂಡ.
ಬೇಡ ಅನ್ನಲಿಲ್ಲ, ಇರಲಿ ಅನ್ನಲಿಲ್ಲ.
ನಾನು, ಅವನು ಅನ್ನುತ್ತಾನೇನೋ ಅಂತ
ಥರ್ಮಾಸಿನ ಮುಚ್ಚಳವನ್ನು ಎರಡು ಸಲ ತಿರುಗಿಸಿದೆ.

ವಾಪಸು ಬರುವ ಕಿರುಬಸ್ಸಿನಲ್ಲಿ
ಯಾರದೋ ಮೊಣಕೈ ಪಕ್ಕೆಗೆ ಒತ್ತುತ್ತಿರಲು
ಬಾಯಿಲೆಕ್ಕ ಮಾಡಿದೆ:
ನಾನೂರು ಅಂದರೆ ಅರ್ಧ ಕಿಲೋ, ಎಲುಬು ಸೇರಿದರೆ ಮುಕ್ಕಾಲು.
ಮೂವತ್ತೊಂದು ವರ್ಷದಲ್ಲಿ
ನಾನು ಕೈಯಿಂದ ದುಡ್ಡು ಕೊಟ್ಟು ಕಲಿಸಿದ ಪಾಠ ಇದೊಂದೇ.

ಮುಂದಿನ ಭಾನುವಾರ ನೋಟ್‌ಬುಕ್ ನನ್ನ ಕಡೆ ತಳ್ಳಿದ.
ಹದಿನೆಂಟು ಸಾವಿರದ ಮುನ್ನೂರಕ್ಕೆ
ಸಾವಿರದ ಇನ್ನೂರ ಎಂಬತ್ತೊಂದು.
ಬಿಡಿಸಿದ ಕ್ರಮವೂ ಇತ್ತು, ದುಂಡಗಿನ ಅಕ್ಷರದಲ್ಲಿ.
ಸರಿ.
ಒಂದು ಸೋಮ್ ಹೆಚ್ಚಿಲ್ಲ, ಒಂದು ಸೋಮ್ ಕಮ್ಮಿಯಿಲ್ಲ.

ಪಕ್ಕದಲ್ಲಿ ಕೆಂಪಾಗಿ 'ಐದು' ಹಾಕಿದೆ.
ಅವನು ಆ ಪುಟಕ್ಕೆ ಫೂ ಅಂತ ಊದಿ ಒಣಗಿಸಿದ,
ನಲವತ್ತರ ಗಂಡಸು.

ಆ ರಾತ್ರಿ ಆಲೂಗಡ್ಡೆ.
ಮೊಮ್ಮಗಳು ಚಮಚದಲ್ಲಿ ತಳದ ತನಕ ಹುಡುಕಿದಳು.