ನೆಲಕ್ಕೆ ಬಿದ್ದ ದಾಳ

ಬಂದರಿನ ಬಲೆ ಅಂಗಡಿಯ ಮೇಲೆ ನಮ್ಮ ಕ್ಲಬ್ಬು.
ಏಣಿಯಂಥ ಮೆಟ್ಟಿಲು, ಹೊಸ ನೈಲಾನಿನ ವಾಸನೆ,
ಯಾರೂ ಮುಟ್ಟದ ಎರಡು ಕೇರಂ ಬೋರ್ಡು,
ಮದುವೆ ಹಾಲಿನವರು ಮಾರಿದ ಊಟದ ಮೇಜು ಮೂರು.
ಜೋಡಿಸಿದರೆ ಒಂದು ದೇಶ.

ಜೂನ್ ಒಂದಕ್ಕೆ ಕಡಲಿಗೆ ಬೀಗ.
ಅರವತ್ತೊಂದು ದಿನ
ಬೋಟುಗಳು ದಕ್ಕೆಯಲ್ಲಿ ಮೈಗೆ ಮೈ ತಾಗಿಸಿ ನಿಲ್ಲುತ್ತವೆ,
ಐಸ್ ಪ್ಲಾಂಟಿನ ಭೋಜರಾಜನಿಗೆ ಪುರುಸೊತ್ತು,
ನಮ್ಮ ದಂಡಯಾತ್ರೆ ಹೊರಡುವುದು ಆಗ.
ಮೀನಿನ ಥರ್ಮಾಕೋಲ್ ಪೆಟ್ಟಿಗೆ ಕೊಯ್ದು ಅವನು ಗುಡ್ಡ ಮಾಡುತ್ತಾನೆ.
ಎಷ್ಟು ಕೋಟು ಹಸಿರು ಬಳಿದರೂ
ಬಂಗುಡೆ ನಾರುವ ಗುಡ್ಡಗಳು.
ಪಾತ್ರೆ ತಿಕ್ಕುವ ತೆಂಗಿನ ನಾರು ಕಾಡು,
ಒಡೆದ ಹಂಚಿನ ಚೂರು ಕೋಟೆ.

ಸೈನಿಕರು ನನ್ನ ಕೈಯವರು.
ಕಂಕನಾಡಿಯ ಲ್ಯಾಬಿನಲ್ಲಿ ಹಗಲು ಹಲ್ಲಿನ ಸೆಟ್ಟು ಎರೆಯುತ್ತೇನೆ,
ಸಂಜೆ, ಉಳಿದ ಗುಲಾಬಿ ಅಕ್ರಿಲಿಕ್ಕಿನಲ್ಲಿ ಇವರನ್ನು.
ಹೆಬ್ಬೆರಳ ಗೆಣ್ಣಿನೆತ್ತರ.
ಬಣ್ಣ ಹಚ್ಚುವವರೆಗೆ ಎಲ್ಲರೂ ಒಸಡಿನ ಬಣ್ಣದವರು.

ಒಬ್ಬರಿಗೆ ಏಳೇ ಜನ. ಸೈನ್ಯವಲ್ಲ ಇದು,
ಏಳು ಹೆಸರು, ನೂರು ಪುಟದ ನೋಟುಬುಕ್ಕಿನಲ್ಲಿ.
ಸತ್ತರೆ ಶಾಯಿಯಲ್ಲಿ ಗೀಟು. ಪೆನ್ಸಿಲ್ ಆಗುವುದಿಲ್ಲ,
ಅದು ಸೆವ್ರಿನ್ ಟೀಚರರ ಹಟ.
ಎಂಟನೇ ಕ್ಲಾಸಿನಲ್ಲಿ ನನಗೆ ಲೆಕ್ಕ ಕಲಿಸಿದವರು.
ಕುತ್ತಿಗೆಗೆ ದರ್ಜಿಯ ಟೇಪು, ಅಂಗುಲಕ್ಕೆ ಅಂಗುಲ.
ಯಾರಾದರೂ ಬಾಣ ಬಿಡುವುದಾದರೆ
ಕನ್ನಡಕ ತೆಗೆದು, ಗಲ್ಲವನ್ನು ಮೇಜಿಗೂರಿ
ಬಿಲ್ಲಿನವನ ಕಣ್ಣಿಗೆ ತಮ್ಮ ಕಣ್ಣು ಸಮ ಮಾಡಿ ನೋಡುತ್ತಾರೆ:
‘ಕಾಣುವುದಿಲ್ಲ. ನಾರು ಅಡ್ಡ ಉಂಟು.’

ಅವರ ಏಳರಲ್ಲಿ ಕೊನೆಯವನು ಬಸ್ತ್ಯಾಂವ್.
ಕತ್ತಿಯಿಲ್ಲ. ಕೈಯಲ್ಲೊಂದು ಲಾಟೀನು,
ಉಳಿದ ಆರು ಮಂದಿಗೆ ಕತ್ತಲಲ್ಲಿ ದಾರಿ ಕಾಣಲಿ ಅಂತ.
ಎರಡನೇ ಭಾನುವಾರ ಕಾಲು ಹೋಯಿತು.
ಹಲ್ಲು ಕೊರೆಯುವ ಡ್ರಿಲ್ಲಿನಲ್ಲಿ ಕಾಲು ತೆಗೆದು
ಬೆಂಕಿಕಡ್ಡಿ ಅಂಟಿಸಿಕೊಟ್ಟೆ.
ಮೂರನೇ ವಾರ ಕಣ್ಣು. ಒಂದು ಚುಕ್ಕೆ ಕಪ್ಪು.
ನೋಟುಬುಕ್ಕಿನಲ್ಲಿ ಟೀಚರ್ ಬರೆದರು: ನಡೆ, ಮೂರು ಅಂಗುಲ.

ಐದನೇ ಭಾನುವಾರ ಸೇತುವೆಯ ಮೇಲೆ
ನನ್ನ ನಾಯಕಿ ಚೆನ್ನಕ್ಕನ ಬಾಣ ಅವನಿಗೆ ತಾಗಿತು.
ಆಟ ಮುಗಿದ ಮೇಲೆ ಗಾಯದ ದಾಳ.
ಒಂದು ಬಿದ್ದರೆ ಸಾವು.
ಟೀಚರ್ ಹಾಕಿದರು. ಅದು ಹಂಚಿಗೆ ಬಡಿದು, ಪುಟಿದು,
ಮೇಜು ದಾಟಿ ಬೆಂಚಿನಡಿಗೆ, ಬಲೆಯ ಕಟ್ಟುಗಳ ಹಿಂದೆ.
ಮೊಣಕಾಲು ಮಡಚಲು ಬರುವವನು ನಾನೊಬ್ಬನೇ. ನುಗ್ಗಿದೆ.
ಒಣಗಿದ ಜಿರಲೆಯ ಪಕ್ಕ
ಒಂದೇ ಚುಕ್ಕೆ, ನನ್ನನ್ನೇ ನೋಡುತ್ತ.

‘ಎಷ್ಟು?’ ಮೇಲಿನಿಂದ.

‘ನಾಲ್ಕು’ ಅಂದೆ. ಮುಷ್ಟಿಯಲ್ಲಿ ಮುಚ್ಚಿ ತಂದೆ.

ಯಾಕೆ ಅಂತ ಈಗಲೂ ಗೊತ್ತಿಲ್ಲ.
ಕಡ್ಡಿಯ ಕಾಲಿನ ಗೋಂದು ಇನ್ನೂ ಸರಿಯಾಗಿ ಒಣಗಿರಲಿಲ್ಲ,
ಅಷ್ಟೇ ಇರಬೇಕು.

ಎಂಟನೇ ಭಾನುವಾರ ಅದೇ ಬಸ್ತ್ಯಾಂವ್
ಮೂರು ಅಂಗುಲ, ಮೂರು ಅಂಗುಲ, ಮತ್ತೆ ಮೂರು,
ಯಾರ ಲೆಕ್ಕಕ್ಕೂ ಸಿಗದೆ ಕುಂಟುತ್ತ ಬಂದು
ನನ್ನ ಮದ್ದಿನ ಪೀಪಾಯಿಯ ಮೇಲೆ ಲಾಟೀನು ಇಟ್ಟ.
ಚೆನ್ನಕ್ಕ ಹೋದಳು. ಜೊತೆಗೆ ಮೂವರು.
‘ಎಂತ ಸಾವು ಮಾರಾಯಾ, ಒಂಟಿ ಕಾಲಿನವನ ಕೈಲಿ!’
ಭೋಜರಾಜನಿಗೆ ನಕ್ಕು ನಕ್ಕು ಬಿಕ್ಕಳಿಕೆ.
ನಾನು ಶಾಯಿಯ ಪೆನ್ನು ಹುಡುಕಿದೆ.

ಮಳೆ ಸ್ವಲ್ಪ ಬಿಟ್ಟಿತ್ತು. ದಕ್ಕೆಯಲ್ಲಿ ಎಂಜಿನು ಪರೀಕ್ಷೆ,
ಡೀಸೆಲಿನ ಕೆಮ್ಮು.
ಮೆಟ್ಟಿಲ ತುದಿಯಲ್ಲಿ ಟೀಚರ್ ಕೊಡೆ ಬಿಚ್ಚುತ್ತ ಹೇಳಿದರು:
‘ನೆಲಕ್ಕೆ ಬಿದ್ದ ದಾಳ ಲೆಕ್ಕಕ್ಕಿಲ್ಲ, ಪುನಃ ಹಾಕಬೇಕು.
ನಾಲ್ಕನೇ ಪುಟ. ನಾನೇ ಬರೆದದ್ದು.’

‘ಮತ್ತೆ ಆವತ್ತು ಹೇಳಲಿಲ್ಲ ನೀವು?’

ಅದಕ್ಕೆ ಉತ್ತರ ಬರಲಿಲ್ಲ.
ಒಂದೊಂದೇ ಮೆಟ್ಟಿಲು ಇಳಿದು, ಅರ್ಧದಲ್ಲಿ ನಿಂತು,
‘ಲಾಟೀನಿಗೆ ಹಳದಿ ಸಾಲದು ಮಾರಾಯಾ.
ಜೂನಿನ ಒಳಗೆ ಸರಿ ಮಾಡಿ ಕೊಡು’
ಎಂದು ಹತ್ತಿಯಲ್ಲಿ ಸುತ್ತಿದ ಅವನನ್ನು
ನನ್ನ ಅಂಗೈಗೆ ಇಟ್ಟರು.